ಅಕ್ಕನ ಮೊಣಕಾಲಿಗೆ ಐಸು

4, ಮಂಗಳವಾರ. ಬೆಳಿಗ್ಗೆ 7

ಅಕ್ಕನ ಮೊದಲ ಸುತ್ತು ಇಷ್ಟು ಹೊತ್ತಿಗೆ ಮುಗಿಯಬೇಕಿತ್ತು. ಹತ್ತು ಸಲ ಕಾಲು ಬಗ್ಗಿಸುವುದು, ಹತ್ತು ಸಲ ಚಾಚುವುದು, ಆಮೇಲೆ ಇಪ್ಪತ್ತು ನಿಮಿಷ ಆಪರೇಷನ್ ಆದ ಮೊಣಕಾಲಿಗೆ ಐಸು. ದಿನಕ್ಕೆ ನಾಲ್ಕು ಸುತ್ತು. ಎಣಿಸುವವನು ನಾನು. ಐಸು ಕೊಡುವುದು ಫ್ರಿಜ್ಜು. ಇವತ್ತು ಫ್ರಿಜ್ಜು ಕೈಕೊಟ್ಟಿದೆ. ಐಸಿನ ಡಬ್ಬಿ ಖಾಲಿ. ತಳದಲ್ಲಿ ಎರಡು ಚೂರು, ಅವೂ ಒಂದಕ್ಕೊಂದು ಅಂಟಿಕೊಂಡು ಕೂತಿವೆ.

ಪುಟ್ಟಿ (ಅಕ್ಕನ ಮಗಳು, ಮನೆ ಅವಳದು, ಫ್ರಿಜ್ಜೂ ಅವಳದು) ಆಫೀಸಿಗೆ ಹೊರಟಿದ್ದವಳು ಮೆಕ್ಯಾನಿಕ್‌ಗೆ ಫೋನ್ ಮಾಡಲು ಹೋದಳು. ತಡೆದೆ. ನಮ್ಮೂರ ಹಿಟ್ಟಿನ ಗಿರಣಿಯ ಎಂಜಿನ್ನನ್ನು ಹದಿನೆಂಟು ವರ್ಷ ಓಡಿಸಿದವನು ನಾನು. ಕಲಿತದ್ದು ಏಳನೇ ಕ್ಲಾಸು, ಬಿಚ್ಚಿದ ಎಂಜಿನ್ ಮೂರು. ಮೂರನ್ನೂ ತಿರುಗಿ ಜೋಡಿಸಿದ್ದೇನೆ. ಒಂದರಲ್ಲಿ ನಾಲ್ಕು ನಟ್ಟು ಮಿಕ್ಕಿದ್ದವು. ಆದರೂ ಓಡಿತು.

ಲೋಟದಲ್ಲಿ ನೀರಿಟ್ಟು ಗಟ್ಟಿ ಮಾಡಿದರೆ ಸಾಲದೇ ಎಂದಳು. ಯಂತ್ರ ಎದುರಿಗಿರುವಾಗ ಲೋಟ ಇಡುವುದೆಂದರೆ ಸೋಲು ಒಪ್ಪಿಕೊಂಡ ಹಾಗೆ. ಬೇಡ ಎಂದೆ. ಐಸಿನ ಬದಲು ಇಡುವ ಜೆಲ್ ಚೀಲ ಒಂದಿತ್ತು. ಕಳೆದ ವಾರ ಒಡೆಯಿತು. ಅದು ಯಾರ ತಪ್ಪೂ ಅಲ್ಲ. ಅದರ ಮೇಲೆ ಕೂತವನು ನಾನು, ಅಷ್ಟೆ.

ಫ್ರೀಜರ್ ಒಳಗೆ ನೋಡಿದೆ. ತಾನಾಗಿ ಐಸು ಮಾಡಿ ಡಬ್ಬಿಗೆ ಬೀಳಿಸುವ ಐಸ್ ಮೇಕರ್ ಪಕ್ಕದಲ್ಲಿ ಒಂದು ತಂತಿ, ಮೇಲಕ್ಕೆ ಎತ್ತಿ ನಿಂತಿದೆ. ಕೈ ಹಿಡಿಯಲು ಮಾಡಿದ್ದಿರಬೇಕು. ಅನುಕೂಲ.

ಅದೇ ದಿನ, ಸಂಜೆ

ಪ್ಲಗ್ ಕಿತ್ತು ಫ್ರಿಜ್ಜನ್ನು ಗೋಡೆಯಿಂದ ಎಳೆದೆ. ಒಬ್ಬನೇ. ಹಿಂದೆ ನೀರಿನ ವಾಲ್ವು, ತೆರೆದೇ ಇದೆ. ಸಣ್ಣ ಪೈಪು, ಎಲ್ಲೂ ಮಡಿಚಿಲ್ಲ. ಕಾಯಿಲ್ ಮೇಲೆ ಧೂಳೆಂದರೆ ಧೂಳು, ಕಂಬಳಿಯಷ್ಟು ದಪ್ಪ. ಹಳೆಯ ಬ್ರಷ್ಷಿನಿಂದ ಉಜ್ಜಿ ತೆಗೆದೆ. ಕಳೆದ ತಿಂಗಳು ಕಾಣೆಯಾಗಿದ್ದ ಪುಟ್ಟಿಯ ಕಿವಿಯೋಲೆಯೂ ಸಿಕ್ಕಿತು. ಮೆಕ್ಯಾನಿಕ್ ಬಂದಿದ್ದರೆ ಸಿಗುತ್ತಿತ್ತೇ?

ಐಸು ಬಂದಿಲ್ಲ.

ಅಕ್ಕ ಎರಡು ಸುತ್ತು ಬಿಟ್ಟಳು. ಐಸಿಲ್ಲದೆ ಬಗ್ಗಿಸಿದರೆ ಊದಿಕೊಳ್ಳುತ್ತದೆ ಎಂದು ಫಿಸಿಯೋ ಹುಡುಗಿಯೇ ಹೇಳಿದ್ದಾಳಂತೆ. ಕಾಲು ಚಾಚಿ ರೇಡಿಯೋ ಕೇಳುತ್ತಾ ಕೂತಿದ್ದಾಳೆ. ಮುಖ ಮಾತ್ರ ಗೆಲುವಾಗಿದೆ.

5, ಬುಧವಾರ

ಬಾಗಿಲಿನ ರಬ್ಬರ್ ಪರೀಕ್ಷೆ. ಕ್ಯಾಲೆಂಡರಿನ ಹಳೆಯ ಹಾಳೆಯನ್ನು ಬಾಗಿಲಿಗೆ ಸಿಕ್ಕಿಸಿ ಎಳೆಯಬೇಕು. ಬಿಗಿಯಾಗಿದ್ದರೆ ರಬ್ಬರ್ ಸರಿ, ಜಾರಿ ಬಂದರೆ ಗಾಳಿ ನುಗ್ಗುತ್ತಿದೆ. ಕೆಳಗಿನ ಮೂಲೆಯಲ್ಲಿ ಜಾರಿತು. ಸೋಪಿನ ನೀರಿನಲ್ಲಿ ಒರೆಸಿ ವ್ಯಾಸಲಿನ್ ಹಚ್ಚಿದೆ. ಈಗ ಹಾಳೆ ಹರಿಯುತ್ತದೆ ಹೊರತು ಬರುವುದಿಲ್ಲ.

ಫ್ರೀಜರಿನ ಚಳಿ ಅಳೆಯಲು ಜ್ವರದ ಥರ್ಮಾಮೀಟರ್ ಇಟ್ಟೆ. ಅದು ಏನೂ ಹೇಳಲಿಲ್ಲ. ಇರಲಿ ಎಂದು ಗುಂಡಿಯನ್ನು ಕೊನೆಯವರೆಗೆ ತಿರುಗಿಸಿದೆ.

ಸಂಜೆ ಪುಟ್ಟಿ ಹಾಲು ಬಗ್ಗಿಸಿದಳು. ಬರಲಿಲ್ಲ. ಕಲ್ಲಾಗಿತ್ತು. ಫ್ರಿಜ್ಜಿನ ತಂಪಿಗೆ ಇದಕ್ಕಿಂತ ಸಾಕ್ಷಿ ಬೇಕೇ ಎಂದೆ. ನಾಳೆ ಸಂಜೆಯವರೆಗೆ ಗಡುವು ಕೊಟ್ಟಿದ್ದಾಳೆ.

6, ಗುರುವಾರ

ಹೊಸ ಫಿಲ್ಟರ್ ಹಾಕಿದೆ. ನೀರು ಬರುವ ಪೈಪಿನ ಬಾಯಿ ಹೆಪ್ಪುಗಟ್ಟಿರಬಹುದೆಂದು ಪುಟ್ಟಿಯ ಹೇರ್ ಡ್ರೈಯರ್ ಹಿಡಿದೆ. ಹೆಪ್ಪುಗಟ್ಟಿರಲಿಲ್ಲ. ಈಗ ಬೆಚ್ಚಗಿದೆ.

ಫಿಸಿಯೋ ಬಂದು ತನ್ನ ಪಟ್ಟಿಯಿಟ್ಟು ಕಾಲು ಅಳೆದಳು. ಎಪ್ಪತ್ತು ಡಿಗ್ರಿ ಬಗ್ಗುತ್ತಿದ್ದ ಮೊಣಕಾಲು ಅರವತ್ತಾರಕ್ಕೆ ಇಳಿದಿದೆ. ಇಪ್ಪತ್ತೈದನೇ ತಾರೀಕು ದೊಡ್ಡ ಡಾಕ್ಟರು ನೋಡುತ್ತಾರೆ. ಅಷ್ಟರೊಳಗೆ ತೊಂಬತ್ತು ಆಗಬೇಕು. ಆಗದಿದ್ದರೆ ತಿರುಗಿ ಅಡ್ಮಿಟ್ ಮಾಡಿ, ಮಂಪರು ಕೊಟ್ಟು, ಅವರೇ ಹಿಡಿದು ಬಗ್ಗಿಸುತ್ತಾರೆ. ಅದನ್ನು ಕೇಳಿ ಅಕ್ಕ ಗೋಡೆಯ ಕಡೆ ತಿರುಗಿದಳು. ಆಪರೇಷನ್ ಆದ ಮೂರು ದಿನ ಅವಳು ಆಸ್ಪತ್ರೆಯಲ್ಲಿ ಹೇಗಿದ್ದಳೆಂದು ನೋಡಿದವನು ನಾನು.

ಪುಟ್ಟಿ ಬಂದವಳು ಬ್ಯಾಗ್ ಕೂಡ ಇಳಿಸಲಿಲ್ಲ. “ಮಾವ, ನಿಮ್ಮನ್ನ ನಂಬಿ ಮೆಕ್ಯಾನಿಕ್ ಬೇಡ ಅಂದೆ. ಆಯ್ತಾ ಇಲ್ವಾ?”

“ಆಗಿಹೋಯ್ತಲ್ಲ. ಬೆಳಿಗ್ಗೆ ನೋಡು, ಡಬ್ಬಿ ತುಂಬಿರುತ್ತೆ.”

ಬಾಯಿಂದ ಹೊರಟುಹೋಯಿತು. ಇನ್ನು ಬೆಳಿಗ್ಗೆಯೊಳಗೆ...

7, ಶುಕ್ರವಾರ. ರಾತ್ರಿ 8

ತುಂಬಿತ್ತು!

ಆರಕ್ಕೇ ವಾಕಿಂಗ್ ಎಂದು ಹೊರಟು, ಅಗಲ ಬಾಯಿಯ ದೊಡ್ಡ ಫ್ಲಾಸ್ಕ್ ಹಿಡಿದು ಮೂರನೇ ತಿರುವಿನ ಮೀನಂಗಡಿಗೆ ಹೋದೆ. ಅಂಗಡಿಯವನು ಲಾರಿಯಿಂದ ಐಸಿನ ಗಡ್ಡೆ ಇಳಿಸುತ್ತಿದ್ದ. ಮೀನು ಮುಟ್ಟಿರದ ಕಡೆಯಿಂದ ಒಡೆದು ಕೊಡು ಎಂದೆ. ಮೀನು ಬೇಡವಾ ಎಂದ. ಬೇಡ. ಬರೀ ಐಸಿಗೆ ಬಂದ ಗಿರಾಕಿಯನ್ನು ಅವನು ಇದೇ ಮೊದಲು ಕಂಡದ್ದಂತೆ.

ಪುಟ್ಟಿ ಸ್ನಾನದಲ್ಲಿದ್ದಾಗ ಟವೆಲಿನಲ್ಲಿ ಸುತ್ತಿ ಕುಟ್ಟಿ ಡಬ್ಬಿಗೆ ಸುರಿದೆ. ಅವಳು ಬಂದು ನೋಡಿ ಕಣ್ಣರಳಿಸಿದಳು. ವಾಲ್ವು, ಫಿಲ್ಟರು, ಹೆಪ್ಪು, ಎಲ್ಲವನ್ನೂ ಬಿಡಿಸಿ ಹೇಳಿದೆ. ಹೆಪ್ಪಿನ ಭಾಗವನ್ನು ಸ್ವಲ್ಪ ಉದ್ದ ಮಾಡಿದೆ.

ಅಕ್ಕ ಬಟ್ಟೆಯಲ್ಲಿ ಕಟ್ಟಿದ ಐಸನ್ನು ಬಿಚ್ಚಿ ಒಂದು ಚೂರು ಎತ್ತಿ ನೋಡಿದಳು. ನನ್ನನ್ನೂ ನೋಡಿದಳು. ನಾಲ್ಕು ಸುತ್ತನ್ನೂ ಮಾಡಿದಳು.

9, ಭಾನುವಾರ

ಪುಟ್ಟಿ ಮನೆಯಲ್ಲಿದ್ದಾಳೆ. ಎಲ್ಲೋ ಮೀನು ವಾಸನೆ ಬರುತ್ತಿದೆ ಎಂದು ಮಧ್ಯಾಹ್ನದವರೆಗೆ ಹುಡುಕಿದಳು. ಸಿಂಕ್ ತೊಳೆದಳು, ಕಸದ ಡಬ್ಬಿ ತೊಳೆದಳು. ಕೊನೆಗೆ ಅಮ್ಮನ ಮೊಣಕಾಲಿನ ಹತ್ತಿರ ಬಂದು ನಿಂತಳು. ಹೊಸ ಫಿಲ್ಟರ್ ಮೊದಮೊದಲು ಹಾಗೇ ಎಂದೆ. ಅಕ್ಕನಿಗೆ ಕೆಮ್ಮು ಬಂತು. ಬಹಳ ಹೊತ್ತು ಕೆಮ್ಮಿದಳು.

10, ಸೋಮವಾರ

ಎಪ್ಪತ್ತಾರು! ಫಿಸಿಯೋ ಎರಡು ಸಲ ಅಳೆದಳು.

11, ಮಂಗಳವಾರ

ಹೆಸರು ಹಬ್ಬಿದೆ. ಕೆಳಗಿನ ಮನೆಯ ನಿವೃತ್ತ ಹೆಡ್‌ಮಾಸ್ಟರು ಮೆಟ್ಟಿಲು ಹತ್ತಿ ಬಂದರು. ಅವರ ಫ್ರಿಜ್ಜಿನಲ್ಲಿ ತರಕಾರಿ ಡ್ರಾಯರ್ ಕೆಳಗೆ ನೀರು ನಿಲ್ಲುತ್ತಿದೆಯಂತೆ. ಹೋದೆ. ಒಳಗೆ ಹಿಂಬದಿಯಲ್ಲಿ ನೀರು ಇಳಿದುಹೋಗುವ ಸಣ್ಣ ತೂತು, ಕೊತ್ತಂಬರಿ ಎಲೆ ಕೂತು ಕಟ್ಟಿಕೊಂಡಿತ್ತು. ಸಿರಿಂಜಿನಲ್ಲಿ ಬಿಸಿನೀರು ಹಾಯಿಸಿದೆ. ಗುಳಕ್ಕೆಂದು ಇಳಿಯಿತು. ಇದು ನಿಜವಾಗಿ ರಿಪೇರಿಯಾದದ್ದು. ಈ ಪುಸ್ತಕದಲ್ಲಿ ಅದನ್ನು ಬೇರೆ ಮಾಡಿ ಬರೆಯುವ ಕಾಲ ಬಂದಿದೆ.

ಹೊರಡುವಾಗ ಅವರು ಫ್ರೀಜರ್ ತೆಗೆದು ತೋರಿಸಿದರು. ನಮ್ಮದೇ ಥರದ ಐಸ್ ಮೇಕರ್. ತಂತಿ ಮಾತ್ರ ಕೆಳಗಿತ್ತು. ನಿಮ್ಮ ಹಿಡಿ ಜಾರಿದೆಯಲ್ಲ ಸಾರ್ ಎಂದೆ. ಹಿಡಿಯಲ್ಲವಂತೆ. ಡಬ್ಬಿ ತುಂಬಿದಾಗ ಐಸೇ ಆ ತಂತಿಯನ್ನು ಎತ್ತುತ್ತದಂತೆ, ಎತ್ತಿದರೆ ಯಂತ್ರ ನಿಲ್ಲುತ್ತದಂತೆ. ಬೇಡವೆನಿಸಿದರೆ ನಾವೇ ಎತ್ತಿಡಬಹುದಂತೆ. ಒಂದನೇ ಕ್ಲಾಸಿನವನಿಗೆ ಹೇಳುವ ಹಾಗೆ ಹೇಳಿದರು. ಗೊತ್ತು, ನಿಮ್ಮನ್ನು ಪರೀಕ್ಷೆ ಮಾಡಿದೆ ಎಂದೆ.

ಮನೆಗೆ ಬಂದು ತಂತಿ ಇಳಿಸಿದೆ. ಸೊರ್ ಎಂದು ನೀರು ತುಂಬಿದ ಸದ್ದು. ಮೂರು ಗಂಟೆ ಅಡುಗೆಮನೆಯಲ್ಲೇ ಕುರ್ಚಿ ಹಾಕಿಕೊಂಡು ಕೂತೆ. ಆರಕ್ಕೆ ಟಕಟಕ ಬಿತ್ತು, ಅರ್ಧಚಂದ್ರದ ಎಂಟು ತುಂಡು. ಕುಣಿಯಬೇಕೆನಿಸಿತು. ಯಾರಿಗೆ ಹೇಳಲಿ? ಐದು ದಿನದ ಹಿಂದೆಯೇ ರಿಪೇರಿಯಾದ ಯಂತ್ರ!

12, ಬುಧವಾರ

ಫ್ಲಾಸ್ಕ್ ಇಲ್ಲದೆ ವಾಕಿಂಗ್ ಹೋದೆ. ಕೈ ಹಗುರ. ಬಂದು ನೋಡಿದರೆ ತಂತಿ ಮೇಲಿದೆ. ಡಬ್ಬಿ ಅರ್ಧವೂ ತುಂಬಿಲ್ಲ. ಸ್ಪ್ರಿಂಗ್ ಸಡಿಲವಾಗಿರಬೇಕು. ಇಳಿಸಿದೆ. ಊಟದ ನಂತರ ಸ್ವಲ್ಪ ಅಡ್ಡಾದೆ. ಎದ್ದರೆ ಮತ್ತೆ ಮೇಲೆ. ಹೊಲಿಗೆ ದಾರದಿಂದ ಕೆಳಕ್ಕೆಳೆದು ಕಟ್ಟಿದೆ. ಗಿರಣಿಯ ಗಂಟು, ಎಂಜಿನ್ ಅದುರಿದರೂ ಬಿಚ್ಚಿಕೊಳ್ಳುವುದಿಲ್ಲ.

13, ಗುರುವಾರ. ಮಧ್ಯಾಹ್ನ

ಎಂಬತ್ತೊಂದು ಎಂದು ಹೇಳಿ ಫಿಸಿಯೋ ಹೋದಳು. ನಾನು ಅವಳನ್ನು ಗೇಟಿನವರೆಗೆ ಬಿಟ್ಟು ಬಂದೆ. ಐದು ನಿಮಿಷ.

ತಂತಿ ಮೇಲೆ. ದಾರ ಫ್ರಿಜ್ಜಿನ ತಲೆಯ ಮೇಲಿದೆ. ಹರಿದಿಲ್ಲ. ಬಿಚ್ಚಿ, ಎರಡು ಬೆರಳಿಗೆ ಸುತ್ತಿ, ಬಾಲವನ್ನು ನಡುವೆ ಸಿಕ್ಕಿಸಿದ್ದಾರೆ.

ಸ್ಪ್ರಿಂಗು ದಾರ ಸುತ್ತುವುದಿಲ್ಲ. ಪುಟ್ಟಿ ಎಂಟಕ್ಕೇ ಆಫೀಸಿಗೆ ಹೋಗಿದ್ದಾಳೆ. ದಾರವನ್ನು ಹೀಗೆ ಸುತ್ತುವವರನ್ನು ನಾನು ಚಡ್ಡಿ ಹಾಕಿಕೊಂಡಿದ್ದ ಕಾಲದಿಂದ ನೋಡಿದ್ದೇನೆ. ನನ್ನ ಗಾಳಿಪಟದ ದಾರ ಸುತ್ತಿಕೊಟ್ಟ ಕೈ ಅದು.

ವಾಕರಿನ ಸದ್ದು ನಡುಮನೆಯ ಕಡೆ ಹೋಗುತ್ತಿತ್ತು. ಕೇಳಿಯೂ ಕೇಳದವನ ಹಾಗೆ ಇದ್ದೆ.

18, ಮಂಗಳವಾರ

ಬರೆಯುವಂಥದ್ದು ಏನೂ ಇರಲಿಲ್ಲ.

ನಾನು ಕೇಳಲಿಲ್ಲ. ಅವಳು ಹೇಳಲಿಲ್ಲ. ಅಕ್ಕನನ್ನು ಕಳ್ಳತನದಲ್ಲಿ ಹಿಡಿದು ಅಭ್ಯಾಸವಿಲ್ಲ. ಯಾವಾಗಲೂ ಹಿಡಿದದ್ದು ಅವಳು, ಸಿಕ್ಕಿದ್ದು ನಾನು. ತಂತಿ ಮುಟ್ಟಿಲ್ಲ. ಮೀನಂಗಡಿಗೂ ಹೋಗಿಲ್ಲ. ಬೇಡ ಎನ್ನುವವಳಿಗೆ ಯಾಕೆ ಹೊರಬೇಕು ಎಂದು ಸಿಟ್ಟು. ಐಸಿಲ್ಲ, ಸುತ್ತಿಲ್ಲ. ಮಾಡಿದರೆ ದಿನಕ್ಕೆ ಒಂದು, ಅದೂ ಅರೆಬರೆ. ನಿನ್ನೆ ಎಪ್ಪತ್ತೊಂಬತ್ತು. ಉಳಿದಿರುವುದು ಒಂದೇ ವಾರ.

ಪುಟ್ಟಿಗೆ ನೀರಿನ ಒತ್ತಡ ಕಡಿಮೆ ಎಂದು ನಾಲ್ಕು ದಿನ ಸಾಗಹಾಕಿದೆ. ಇವತ್ತು ಅವಳೇ ಮೆಕ್ಯಾನಿಕ್‌ಗೆ ಫೋನ್ ಮಾಡಿದಳು. ಗುರುವಾರ ಬರುತ್ತಾನೆ. ಅಕ್ಕ ಕುಡಿಯುತ್ತಿದ್ದ ಲೋಟವನ್ನು ಕೆಳಗಿಟ್ಟಳು. ಮೆಕ್ಯಾನಿಕ್ ನೋಡಿದರೆ ತಂತಿಯ ವಿಷಯ ಹೊರಬೀಳುತ್ತದೆ. ಹಗಲೆಲ್ಲ ಆಫೀಸು, ಬಂದಮೇಲೆ ಅಮ್ಮನ ಕಾಲು ಒತ್ತುವ ಮಗಳಿಗೆ, ಅಮ್ಮನೇ ಹೀಗೆ ಮಾಡಿದಳೆಂದು ಗೊತ್ತಾದರೆ...

20, ಗುರುವಾರ

ಮೆಕ್ಯಾನಿಕ್ ಸಣ್ಣ ಪೆಟ್ಟಿಗೆ ಹಿಡಿದು ಬಂದ. ಅದನ್ನು ತೆರೆಯಲೇ ಇಲ್ಲ. ಫ್ರೀಜರ್ ತೆಗೆದ, ಒಂದು ಬೆರಳಿನಿಂದ ತಂತಿ ಇಳಿಸಿದ, ಬಾಗಿಲು ಹಾಕಿದ. ಪುಟ್ಟಿ ರಜೆ ಹಾಕಿ ನಿಂತಿದ್ದಳು. ಅಕ್ಕ ನಡುಮನೆಯಲ್ಲಿ, ಕೇಳುವಷ್ಟು ಹತ್ತಿರ.

“ಇದನ್ನ ಎತ್ತಿಟ್ಟಿದ್ದು ಯಾರು?” ಎಂದ.

ರೇಡಿಯೋ ನಿಂತಿತು. ಯಾರೋ ಆರಿಸಿದರು.

“ನಾನು,” ಎಂದೆ. “ಹಿಡಿ ಅಂದ್ಕೊಂಡಿದ್ದೆ.”

ಅವನು ನಗು ತಡೆದುಕೊಂಡ. ಪುಟ್ಟಿ ತಡೆದುಕೊಳ್ಳಲಿಲ್ಲ, ಆದರೆ ಆ ನಗು ಅರ್ಧಕ್ಕೇ ನಿಂತಿತು. “ಹಾಗಾದ್ರೆ ಆವತ್ತು ಡಬ್ಬಿ ತುಂಬಾ ಐಸ್ ಎಲ್ಲಿಂದ ಬಂತು ಮಾವ?”

“ಮೀನಂಗಡಿಯಿಂದ.”

ಅವಳು ಅಡುಗೆಮನೆಯ ನೆಲದ ಮೇಲೆ ಕೂತು ನಕ್ಕಳು. ಮೆಕ್ಯಾನಿಕ್ಕೂ ಸೇರಿಕೊಂಡ. ಗಿರಣಿಯ ಹದಿನೆಂಟು ವರ್ಷ ಆ ನೆಲದ ಮೇಲೆ ಚೆಲ್ಲಿಹೋಯಿತು. ಹೆಡ್‌ಮಾಸ್ಟರ ಫ್ರಿಜ್ಜನ್ನು ಮಾತ್ರ ನಿಜವಾಗಿಯೂ ನಾನೇ ಸರಿಮಾಡಿದ್ದು ಎಂದೆ. ಯಾರೂ ಕೇಳಿಸಿಕೊಳ್ಳಲಿಲ್ಲ.

ಸಂಜೆ ಪುಟ್ಟಿ ಅಂಗಡಿಗೆ ಹೋದಾಗ ಅಕ್ಕ ಕರೆದಳು. ಪಕ್ಕದಲ್ಲಿ ಕೂರಿಸಿಕೊಂಡು ನೆಲ ನೋಡುತ್ತಾ ಮಾತಾಡಿದಳು. ಮೊದಲು ಒಂದೇ ಒಂದು ದಿನ ಬಿಡುವು ಸಿಗಲಿ ಎಂದು ತಂತಿ ಎತ್ತಿದ್ದಂತೆ. ಬಗ್ಗಿಸುವಾಗ ಕಾಲೊಳಗೆ ಯಾರೋ ಕಟ್ಟಿಗೆ ಸೀಳಿದ ಹಾಗೆ ಆಗುತ್ತದಂತೆ. ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ. ದಿನಾ ಎದುರಿಗೆ ಕೂತು ಒಂದು, ಎರಡು ಎಂದು ಎಣಿಸುತ್ತಿದ್ದ ನನಗೂ ತಿಳಿಯಲಿಲ್ಲ.

ಆಗ ಕೇಳಿದೆ. ಮೀನಂಗಡಿ ಐಸಿಗೆ ನಾಲ್ಕು ಸುತ್ತು ಮಾಡಿದವಳು, ಫ್ರಿಜ್ಜಿನ ಐಸಿಗೆ ಯಾಕೆ ಮಾಡಲಿಲ್ಲ?

“ಅದು ಮಿಷನ್ನು, ಸುಮ್ನೆ ಬೀಳುತ್ತೆ. ನೀನು ಬೆಳಿಗ್ಗೆ ಎದ್ದು ಅಷ್ಟು ದೂರದಿಂದ ಹೊತ್ಕೊಂಡು ಬಂದಿದ್ದೆ ಕಣೋ. ಅದನ್ನ ಕರಗಿಸಿ ಚೆಲ್ಲಕ್ಕೆ ಮನಸ್ಸು ಬರಲಿಲ್ಲ.”

ಅಡುಗೆಮನೆಯಲ್ಲಿ ಟಕಟಕ ಐಸು ಬಿತ್ತು. ಇಬ್ಬರೂ ಅತ್ತ ನೋಡಲಿಲ್ಲ.

21, ಶುಕ್ರವಾರ

ಫ್ಲಾಸ್ಕ್ ಹಿಡಿದು ಆರಕ್ಕೆ ಹೊರಟೆ. ಬಾಗಿಲಲ್ಲಿ ಪುಟ್ಟಿ ಕಂಡಳು. ಫ್ರಿಜ್ಜಿನಲ್ಲಿ ಡಬ್ಬಿ ತುಂಬಿದೆಯಲ್ಲ ಎಂದಳು. ಅದು ನಿನ್ನ ಶರಬತ್ತಿಗೆ ಇರಲಿ ಎಂದೆ.

ನಾಲ್ಕು ಸುತ್ತು. ಎಣಿಕೆಯಲ್ಲಿ ಸಣ್ಣ ಬದಲಾವಣೆ. ಏಳು ಆದಮೇಲೆ ನಿಲ್ಲಿಸುತ್ತೇನೆ. ಅಕ್ಕ ನನ್ನನ್ನು ಬಾಯ್ತುಂಬ ಬೈಯುತ್ತಾಳೆ. ಆಮೇಲೆ ಎಂಟು.

24, ಸೋಮವಾರ

ಎಂಬತ್ತೇಳು. ಬೈಗುಳ ಮುಗಿದುಹೋಗಿವೆ, ಹಳೆಯವನ್ನೇ ತಿರುಗಿ ತರುತ್ತಿದ್ದಾಳೆ. ಮೂರು ಡಿಗ್ರಿ ಬಾಕಿ. ಅಂಗಡಿಯವನಿಗೆ ನಾಳೆ ಬೇಗ ಬೇಕು ಎಂದು ಹೇಳಿ ಬಂದೆ. ಯಾಕೆಂದು ಕೇಳಿದ. ಹೇಳಿದೆ. ಮೀನಿಗೆ ಕೈ ಹಾಕುವ ಮೊದಲೇ ತೆಗೆದಿಡುತ್ತೇನೆ ಎಂದ.

25, ಮಂಗಳವಾರ. ಆಸ್ಪತ್ರೆ, 11.20

ಕಾರಿಡಾರಿನ ಬೆಂಚು. ಅಕ್ಕ, ಪುಟ್ಟಿ ಒಳಗೆ. ನನ್ನನ್ನು ಬಿಡಲಿಲ್ಲ, ಜೊತೆಗೆ ಒಬ್ಬರೇ ಅಂತೆ. ತೊಡೆಯ ಮೇಲೆ ಫ್ಲಾಸ್ಕ್. ಪಕ್ಕದವರು ಕಾಫಿಯೇ ಎಂದು ಕೇಳಿದರು. ಅಲ್ಲ ಎಂದೆ.

ಒಳಗಿನಿಂದ ಅಕ್ಕನ ದನಿ. ಯಾರನ್ನೋ ಬೈಯುತ್ತಿದ್ದಾಳೆ. ಡಾಕ್ಟರನ್ನಲ್ಲ, ನನ್ನನ್ನು. ನಾನಿಲ್ಲದಿದ್ದರೂ! ಹಾಗಾದರೆ ಏಳು ಆಗಿದೆ... ಎಂಟು...

ಬಾಗಿಲು ತೆರೆಯಿತು. ನರ್ಸಮ್ಮ ಬಂದು, ಮೀನಂಗಡಿ ಐಸ್ ತಂದವರು ಯಾರು ಎಂದು ಕಾರಿಡಾರಿಗೆಲ್ಲ ಕೇಳುವ ಹಾಗೆ ಕೂಗಿದರು. ಎಲ್ಲರೂ ತಿರುಗಿದರು. ಎದ್ದು ನಿಂತೆ. ಎಷ್ಟಾಯಿತು ಎಂದೆ. ತೊಂಬತ್ತೊಂದು ಎಂದರು, ಬೇಗ ಬನ್ನಿ, ಊದುವ ಮೊದಲು ಇಡ್ಬೇಕು, ಅವರು ಬೇರೆ ಐಸ್ ಬೇಡ ಅಂತಿದ್ದಾರೆ.