ಮೂರನೆಯ ಗಾಜು

ಗುರುವಾರ, ಮಧ್ಯಾಹ್ನ

ಅವಸರದ ದೊರೆಗೆ,

ಬೇರೆಯಾಗಿ ಇಷ್ಟು ತಿಂಗಳಾದ ಮೇಲೆ ಹೆಂಡತಿ ಕಾಗದ ಬರೆದರೆ ಜಗಳಕ್ಕೇ ಇರಬೇಕು ಎಂದುಕೊಳ್ಳುತ್ತೀಯ. ಜಗಳವೇ, ಆದರೆ ಮನೆಯದಲ್ಲ. ಬೆಳಗಿನಿಂದ ಕೂತಲ್ಲಿ ಕೂರಲಾರೆ, ನಿಂತಲ್ಲಿ ನಿಲ್ಲಲಾರೆ. ಫೋನಿನಲ್ಲಿ ನೀನು ಮಾತು ಮುಗಿಸಲು ಬಿಡುವುದಿಲ್ಲ. ನಾಳೆ ನಿನ್ನಲ್ಲಿಗೆ ಬರುವ ಅತ್ತೆಯ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ.

ಅತ್ತೆಯೇ ಹೇಳಿದರು, "ಸೋಮವಾರ ವಿಜ್ಞಾನಿಗಳ ದೊಡ್ಡ ಸಭೇಲಿ ಅವನ ಭಾಷಣ ಅಂತೆ ಕಣೆ. ಚೆನ್ನಾಗಾದ್ರೆ ಕೆಲಸ ಕಾಯಂ ಆಗುತ್ತಂತೆ." ನೀನು ಸೂಕ್ಷ್ಮದರ್ಶಕದಲ್ಲಿ ತೆಗೆದ ಚಿತ್ರವನ್ನೂ ತೋರಿಸಿದರು, ಮೊಮ್ಮಗನ ಫೋಟೋ ತೋರಿಸುವ ಹಾಗೆ. ದ್ರವಸ್ಫಟಿಕದೊಳಗೆ, ಸಾಲಾಗಿ ಮಲಗಿದ ಅಣುಗಳ ಆ ದ್ರವದೊಳಗೆ, ಬೆಳೆದ ಪಾಲಿಮರ್ ಬಲೆ. ಹಗ್ಗದಂಥ ದಪ್ಪ ಎಳೆಗಳು, ನಡುವೆ ದೊಡ್ಡ ದೊಡ್ಡ ಕಿಂಡಿಗಳು. ಬಲೆಯ ನಿಜರೂಪ ಇದೇ ಎಂದು ಸಾರಲು ಹೊರಟಿದ್ದೀಯ. ಅದಲ್ಲ.

ಎರಡು ಗಾಜುಗಳ ನಡುವೆ ತುಂಬಿಸಿದ ದ್ರವದ ಮೇಲೆ ಬೆಳಕು ಬಿದ್ದಾಗ ಎಳೆಗಳು ಅದರ ಅಣುಗಳು ಮಲಗಿದ ದಿಕ್ಕಿಗೇ ಬೆಳೆಯುತ್ತವೆ. ಬಲೆಯನ್ನು ಕಾಣಬೇಕಾದರೆ ಆ ದ್ರವವನ್ನು ತೊಳೆದು ತೆಗೆಯಬೇಕು. ಅಲ್ಲೇ ನೀನು ಎಡವಿದ್ದು. ನಿನ್ನನ್ನು ನಾನು ಕಾಣೆನೇ? ಜಗಳವಾದ ಮಾರನೆಯ ದಿನವೇ ಪೆಟ್ಟಿಗೆ ಕಟ್ಟಿ ಹೊರಟವನು. ದ್ರಾವಕದಲ್ಲಿ ಒಂದು ಸಂಜೆ ನೆನೆಸಿ, ಗಾಜು ಬಿಡಿಸಿ, ಗಾಳಿ ಊದಿ ಒಣಗಿಸಿರುತ್ತೀಯ. ಆಸರೆ ತಪ್ಪಿದ ಎಳೆಗಳು ಒಣಗುವಾಗ ಒದ್ದೆ ಕೂದಲಿನಂತೆ ಒಂದಕ್ಕೊಂದು ಅಂಟಿಕೊಂಡಿವೆ. ನಿನ್ನ ಹಗ್ಗಗಳು ಅವೇ.

ನಾನು ನನ್ನದನ್ನು ವಾರಗಟ್ಟಲೆ ನೆನೆಸಿ, ನಿಧಾನವಾಗಿ ಒಣಗಿಸಿದೆ. ಪ್ರಯೋಗಾಲಯದ ಪಕ್ಕದ ಮೇಜಿನವಳು ಮೊಟ್ಟೆಗೆ ಕಾವು ಕೊಡುತ್ತಿದ್ದೀಯಾ ಎಂದು ನಕ್ಕಳು. ನಿನ್ನೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಹಗ್ಗವೂ ಇಲ್ಲ, ಕಿಂಡಿಯೂ ಇಲ್ಲ. ಜೇಡನ ನೂಲಿಗಿಂತ ಸಣ್ಣ ಎಳೆಗಳು, ಒತ್ತೊತ್ತಾಗಿ, ಎಲ್ಲವೂ ಒಂದೇ ದಿಕ್ಕಿಗೆ. ಎಷ್ಟು ಚೆನ್ನಾಗಿದೆ ಗೊತ್ತೇ? ಪಕ್ಕದಲ್ಲಿ ನೀನಿರಬೇಕಿತ್ತು.

ಸುಮ್ಮನಿದ್ದುಬಿಡೋಣ ಅನ್ನಿಸಿತು. ಸಭೆಯಲ್ಲಿ ಯಾರಾದರೂ ಎದ್ದು ಕೇಳಲಿ, ನಿನ್ನ ಜಂಬ ಇಳಿಯಲಿ ಎಂದೂ ಅನ್ನಿಸಿತು. ಆಮೇಲೆ ಈ ಕಾಗದ ಹಿಡಿದು ಕೂತೆ. ನನ್ನ ಚಿತ್ರಗಳು ಇದರ ಜೊತೆಗಿವೆ, ಬಳಸಿಕೋ. ನನ್ನ ಹೆಸರು ಹಾಕುವುದು ಬಿಡುವುದು ನಿನಗೆ ಸೇರಿದ್ದು. ಸೋಮವಾರ ಬೆಳಿಗ್ಗೆ ಏನಾದರೂ ತಿಂದು ಹೋಗು, ಹಸಿದರೆ ನಿನಗೆ ಮೂಗಿನ ತುದಿಯಲ್ಲೇ ಕೋಪ.

ನೀನೇ ಹೆಸರಿಟ್ಟ,
ಆಮೆ

ಮತ್ತೆ: ನಾವಿಬ್ಬರೂ ಕೊನೆಯ ಸಲ ಜೊತೆಯಾಗಿ ತುಂಬಿಸಿದ ಮೂರು ಜೋಡಿ ಗಾಜುಗಳಲ್ಲಿ ಒಂದನ್ನು ನೀನು ಒಯ್ದೆ, ಒಂದನ್ನು ನಾನು ತೊಳೆದೆ. ಮೂರನೆಯದು ಒಡೆಯಿತು ಎಂದು ನಿನಗೆ ಹೇಳಿದ್ದೆ. ಒಡೆದಿಲ್ಲ. ಬೆಳಿಗ್ಗೆ ಎರಡು ಸಲ ನೆನೆಸಲು ಹೋಗಿ ವಾಪಸು ಇಟ್ಟೆ. ಒಬ್ಬಳೇ ತೊಳೆಯಲಾರೆ, ಬಾ. ವಾರಗಟ್ಟಲೆ ಹಿಡಿಯುವ ಕೆಲಸ. ಇರುವ ಹಾಗಿದ್ದರೆ ಮಾತ್ರ ಬಾ.