ಅಂಟಿನ ಕೋಣೆಯ ಫ್ಯಾನು

ಮನೆ, ಅಡಿಗೆಮನೆಯ ಮೇಜು
ಹದಿನಾಲ್ಕನೇ ತಾರೀಖು, ಬುಧವಾರ ಬೆಳಿಗ್ಗೆ

ಪ್ರೀತಿಯ ತಮ್ಮಾ,

ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯಿತಾ? ಹೊಸ ಬ್ರಾಂಚಿನಲ್ಲಿ ಏಣಿ ಹತ್ತಿ ಇಳಿಯುವ ಕೆಲಸವನ್ನೆಲ್ಲ ನಿನ್ನ ತಲೆಗೇ ಕಟ್ಟಿದ್ದಾರೆ ಅಂತ ಡ್ರೈವರಣ್ಣ ಹೇಳಿದ. ಹೊತ್ತಿಗೆ ಸರಿಯಾಗಿ ಊಟ ಮಾಡು, ಬಿಸ್ಕತ್ತು ತಿಂದು ದಿನ ತಳ್ಳುವ ನಿನ್ನ ಚಾಳಿ ನನಗೆ ಗೊತ್ತಿಲ್ಲದ್ದಲ್ಲ. ಹೋದ ತಿಂಗಳು ಜಗಳವಾಡಿದ ಮೇಲೆ ನೀನು ನನ್ನ ಫೋನ್ ಎತ್ತುವುದನ್ನೇ ಬಿಟ್ಟಿದ್ದೀಯ. ಎತ್ತಬೇಡ ಬಿಡು. ಆದರೆ ಕಾಗದ ಕೈಗೆ ಬಂದರೆ ನೀನು ಓದದೆ ಇರಲಾರೆ. ಚಿಕ್ಕವನಿದ್ದಾಗ ಪೊಟ್ಟಣ ಕಟ್ಟಿದ ಪೇಪರನ್ನೂ ಬಿಡದೆ ಓದುತ್ತಿದ್ದವನಲ್ಲವೇ ನೀನು! ಅದಕ್ಕೇ ಇದನ್ನು ಕೆಳಗಿನ ಮನೆಯ ಡ್ರೈವರಣ್ಣನ ಕೈಗೆ ಕೊಡುತ್ತೇನೆ. ಕಂಪನಿಯ ವ್ಯಾನ್ ಹನ್ನೆರಡಕ್ಕೆ ಹೊರಟರೆ ಎರಡೂವರೆಗೆ ನಿನ್ನ ಹತ್ತಿರ ಇರುತ್ತದೆ.

ನಾನು ಚೆನ್ನಾಗಿದ್ದೇನೆ. ಪ್ಯಾಕಿಂಗ್ ಸೆಕ್ಷನ್ನಿನಲ್ಲಿ ಎಂದಿನಂತೆ ಬೂಟು ತುಂಬುವುದು, ಡಬ್ಬ ಮುಚ್ಚುವುದು. ಚೆನ್ನಾಗಿಲ್ಲದವಳು ಅಮ್ಮ. ಎರಡು ತಿಂಗಳಿಂದ ಸಂಜೆ ತಲೆನೋವು ಅಂತ ಮಲಗುತ್ತಾಳೆ. ಬಾಯಿ ತೆರೆದರೆ ಮುಚ್ಚದ ಅಮ್ಮ ಈಗ ಅರ್ಧ ಮಾತಿನಲ್ಲೇ ನಿಲ್ಲುತ್ತಾಳೆ. ಸಾರಿಗೆ ಎರಡು ಸಲ ಉಪ್ಪು ಹಾಕಿದಾಗ ನಾನು ರೇಗಿಸಿ ನಕ್ಕಿದ್ದೆ. ಆದರೆ ಹೋದ ಶುಕ್ರವಾರ ನಮ್ಮ ಬಾಗಿಲು ದಾಟಿ ಮೇಲಿನ ಮಹಡಿಗೆ ಹೋಗಿ, ಯಾರದೋ ಮನೆಯ ಬೀಗಕ್ಕೆ ನಮ್ಮ ಬೀಗದ ಕೈ ಹಾಕಿ ತಿರುಗಿಸುತ್ತಾ ನಿಂತಿದ್ದಳು. ಹೋಗಿ ಕರೆದರೆ, "ಯಾಕೋ ತೆಗೆಯೋಕೇ ಬರ್ತಿಲ್ವಲ್ಲೇ ಇದು" ಅಂತ ನಕ್ಕಳು. ಕೈ ಹಿಡಿದು ಕೆಳಗೆ ಕರೆದುಕೊಂಡು ಬಂದೆ.

ಅಂಟಿನ ಕೋಣೆಯಲ್ಲಿ ಕೂತು ಬೂಟಿನ ಅಡಿ ಅಂಟಿಸುವ ಕೆಲಸ ಅಮ್ಮನಿಗೆ ಹೊಸದಲ್ಲ, ಹದಿನೆಂಟು ವರ್ಷದಿಂದ ಮಾಡುತ್ತಿದ್ದಾಳೆ. ಆ ಅಂಟಿನ ವಾಸನೆ ಎಂಥದ್ದು ಅಂತ ನಿನಗೆ ಗೊತ್ತು, ನಾವಿಬ್ಬರೂ ಅವಳ ಸೆರಗಿನಲ್ಲಿ ಅದನ್ನೇ ಮೂಸಿ ಬೆಳೆದವರು. ಆದರೆ ಆಗ ಗೋಡೆಯ ದೊಡ್ಡ ಫ್ಯಾನು ಬೆಳಿಗ್ಗೆಯಿಂದ ಸಂಜೆಯವರೆಗೆ ಗಾಳಿಯನ್ನು ಹೊರಗೆಳೆಯುತ್ತಿತ್ತು, ಕಿಟಕಿ ತೆರೆದಿರುತ್ತಿತ್ತು. ಕಂಪನಿಗೆ ಪರಿಸರದ ಮೇಲೆ ಪ್ರೀತಿ ಹುಟ್ಟಿದ ಮೇಲೆ ಅಂಟು ಒಣಗಿಸುವ ಬಿಸಿ ಸೋರುತ್ತದೆ ಅಂತ ಕಿಟಕಿ ಮುಚ್ಚಿ ಸೀಲ್ ಮಾಡಿದರು. ಸೂರಿಗೆ ನೀನು ಮಾಡಿಕೊಟ್ಟ ಸೆನ್ಸರ್ ಬಂತು. ಐದು ನಿಮಿಷ ಒಳಗೆ ಯಾರೂ ಅಲುಗಾಡದಿದ್ದರೆ ಕೋಣೆ ಖಾಲಿ ಅಂತ ತಿಳಿದು ಫ್ಯಾನು ನಿಲ್ಲಿಸಿಬಿಡುತ್ತದೆ. ಗೋಡೆಯ ಸ್ವಿಚ್ಚನ್ನೂ ಕಿತ್ತರು, ಇದ್ದರೆ ಜನ ಹಾಕಿಬಿಡುತ್ತಾರಂತೆ. ಪ್ಯಾಕಿಂಗ್‌ನಲ್ಲಿ ನಾವು ದಿನವಿಡೀ ಓಡಾಡುವವರು, ನಮಗೇನೂ ತೊಂದರೆಯಿಲ್ಲ. ಅಂಟಿನ ಕೋಣೆಯವರು ತಲೆ ಬಗ್ಗಿಸಿ ಕೂತು ಬ್ರಷ್ ಆಡಿಸುವವರು, ಅಲುಗುವುದು ಮಣಿಕಟ್ಟು ಮಾತ್ರ. ಅದು ನಿನ್ನ ಸೆನ್ಸರಿನ ಕಣ್ಣಿಗೆ ಬೀಳುವುದಿಲ್ಲ ಕಣೋ.

ಫ್ಯಾನು ನಿಂತಾಗ ಒಬ್ಬರು ಎದ್ದು ಕೈ ಬೀಸಿದರೆ ಮತ್ತೆ ತಿರುಗುತ್ತದೆ, ಅಷ್ಟೇ ತಾನೆ ಅಂತೀಯ. ಮೊದಲು ಹಾಗೇ ಮಾಡುತ್ತಿದ್ದರು. ಆಮೇಲೆ ಗೇಟಿನ ಹತ್ತಿರ ದೊಡ್ಡ ಪರದೆ ಬಂತು. ಯಾವ ಕೋಣೆ ಎಷ್ಟು ಕರೆಂಟು ಉಳಿಸಿತು ಅಂತ ಅದರಲ್ಲಿ ಹಸಿರು ಗೆರೆ. ವಾರಕ್ಕೊಮ್ಮೆ ಗೆದ್ದ ಕೋಣೆಗೆ ಒಂದು ಹೂವಿನ ಕುಂಡ, ಮೇಲೆ ಹಸಿರು ಸಾಹೇಬರ ಚಪ್ಪಾಳೆ. (ಮ್ಯಾನೇಜರಿಗೆ ನಾವಿಟ್ಟ ಹೆಸರು, ನಿನ್ನ ಬಾಯಿ ಜೋಪಾನ.) ಏಳು ವಾರದಿಂದ ಅಂಟಿನ ಕೋಣೆಯೇ ಗೆಲ್ಲುತ್ತಿದೆ. ಯಾಕೆ ಗೊತ್ತಾ? ನಿಮ್ಮಮ್ಮ ಯಾರಿಗೂ ಕೈ ಎತ್ತಲು ಬಿಡುವುದಿಲ್ಲ. "ನನ್ನ ಮಗ ಮಾಡಿದ್ದು ಕಣ್ರೇ, ನಾವೇ ಅದನ್ನ ಸೋಲಿಸಿದ್ರೆ ಅವನ ಮರ್ಯಾದೆ ಏನಾಗ್ಬೇಕು?" ಅಂತ ಎಲ್ಲರ ಬಾಯಿ ಮುಚ್ಚಿಸುತ್ತಾಳೆ. ಅವಳಿಗೆ ನೀನು ಅಷ್ಟು ಹೆಚ್ಚು. ಹೊಟ್ಟೆಕಿಚ್ಚಿನಿಂದ ಹೇಳುತ್ತಿಲ್ಲ, ಸ್ವಲ್ಪ ಇದ್ದರೂ ಇರಬಹುದು.

ಮೊದಮೊದಲು ಹಟ ಮಾಡಿ ಅಲುಗಾಡದೆ ಕೂರುತ್ತಿದ್ದರು. ಈಗ ಹಟವೂ ಬೇಕಾಗಿಲ್ಲ. ಫ್ಯಾನು ನಿಂತರೆ ವಾಸನೆ ಕಟ್ಟುತ್ತದೆ, ವಾಸನೆ ಕಟ್ಟಿದರೆ ಮಂಪರು, ಮಂಪರು ಬಂದವರು ಅಲುಗುವುದಿಲ್ಲ, ಅವರು ಅಲುಗದಿದ್ದರೆ ಫ್ಯಾನು ತಿರುಗುವುದಿಲ್ಲ. ಸೋಮವಾರ ಮಧ್ಯಾಹ್ನ ಡಬ್ಬ ತರುವ ನೆಪ ಮಾಡಿ ಒಳಗೆ ಹೋದೆ. ಹನ್ನೊಂದು ಜನ ಹೆಂಗಸರು, ಒಬ್ಬರ ಬಾಯಲ್ಲೂ ಮಾತಿಲ್ಲ. ಕುಂಡದ ಗಿಡದ ಎಲೆಗಳೆಲ್ಲ ಅಂಚಿನಲ್ಲಿ ಕಂದಿವೆ. ಅಮ್ಮನ ಕೈಯಲ್ಲಿ ಬ್ರಷ್ಷಿತ್ತು, ಅಂಟು ಮೊಣಕೈವರೆಗೆ ಇಳಿದು ಒಣಗಿತ್ತು. ನಾನು ಬಂದದ್ದಕ್ಕೆ ಫ್ಯಾನು ತಿರುಗಿತು. ಆಗ ಅವರೆಲ್ಲ ತಲೆಯೆತ್ತಿ, ಗುರುತೇ ಇಲ್ಲದವರಂತೆ ನನ್ನನ್ನು ನೋಡಿದ ರೀತಿ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ನನಗೆ ಭಯವಾಗಿದೆ ತಮ್ಮಾ. ಬೆಳಕಿನಲ್ಲಿ, ಜನರ ಮಧ್ಯೆ, ಹಾಗೆ ಹೆದರಿದ್ದು ಅದೇ ಮೊದಲು.

ಸಾಹೇಬರ ಹತ್ತಿರ ಹೋದೆ. "ನೋಡಮ್ಮ, ಆ ಕೋಣೆಯವರಿಂದ ಉಳಿದವರು ಕಲೀಬೇಕು. ನಿಮ್ಮ ತಮ್ಮನೇ ಹಾಕಿರೋ ಲೆಕ್ಕ, ಬದಲಾಯಿಸೋಕೆ ಅವರೇ ಆಗಬೇಕು" ಅಂದರು. ನನ್ನ ಮಾತನ್ನು ಕಿವಿಯ ಮೇಲೆ ಹಾಕಿಕೊಳ್ಳಲೇ ಇಲ್ಲ. ನೀನು ಕೆಟ್ಟವನಲ್ಲ, ನನಗೆ ಗೊತ್ತು. ನೀನು ಮೊದಲು ಬರೆದುಕೊಟ್ಟಿದ್ದು ಏನು? ನೀರಿನ ಅಂಟಿಗೆ ಬದಲಾಯಿಸಿ, ಆಗ ವಿಷದ ವಾಸನೆಯೂ ಇಲ್ಲ, ಫ್ಯಾನೂ ಅಷ್ಟು ಬೇಡ ಅಂತ ತಾನೆ? ಅದು ನಿಜವಾದ ಪರಿಸರದ ಕೆಲಸ. ಅದಕ್ಕೆ ಯಂತ್ರ ಬದಲಾಯಿಸಬೇಕು, ವರ್ಷ ಹಿಡಿಯುತ್ತದೆ, ಪರದೆಯ ಮೇಲೆ ನಾಳೆಯೇ ಗೆರೆ ಏರುವುದಿಲ್ಲ. ಸೆನ್ಸರ್ ಹಾಕಿದರೆ ಏರುತ್ತದೆ. ಅವರು ಅದನ್ನು ಆರಿಸಿಕೊಂಡರು, ನೀನು ತಲೆಯಾಡಿಸಿದೆ. ನಾನು ಹೇಳಿದರೆ "ನಿಂಗೆ ಇದೆಲ್ಲ ತಿಳಿಯಲ್ಲಕ್ಕಾ" ಅಂದೆ. ನನಗೆ ನಿನ್ನ ಯಂತ್ರ ತಿಳಿಯುವುದಿಲ್ಲ, ಸರಿ. ಅಮ್ಮನಿಗೆ ಏನಾಗುತ್ತಿದೆ ಅನ್ನುವುದು ತಿಳಿಯುತ್ತದೆ.

ನಾನು ಕೇಳುವುದು ಒಂದೇ. ಆ ಒಂದು ಕೋಣೆಯ ಫ್ಯಾನನ್ನು ಸೆನ್ಸರಿನಿಂದ ಬಿಡಿಸು, ಕೆಲಸದ ಹೊತ್ತಿಡೀ ತಿರುಗುತ್ತಿರಲಿ. ನಿನ್ನ ಮುಂದಿನ ಪರದೆಯಲ್ಲಿ ಅಲ್ಲಿಂದಲೇ ಮಾಡಬಹುದಂತೆ. ಇವತ್ತು ನಾನು ರಜೆ ಹಾಕಿ ಅಮ್ಮನನ್ನು ಬೈದು ಮನೆಯಲ್ಲಿ ಮಲಗಿಸಿದ್ದೇನೆ. ನಾಳೆಯೂ ಹೀಗೇ ಹಿಡಿದಿಡಲು ನನ್ನಿಂದ ಆಗುವುದಿಲ್ಲ. ಬೆನ್ನಿಗೆ ಬಿಸಿನೀರಿನ ಶಾಖ ಕೊಡು. ನಿನಗೆ ಒಳ್ಳೆಯದಾಗಲಿ, ಬುದ್ಧಿಯೂ ಬರಲಿ.

ಇಂತಿ,
ನಿನ್ನ ಬಾಯಿಬಡುಕಿ ಅಕ್ಕ

ಮರೆತ ಮಾತು: ತಮ್ಮಾ, ಅಮ್ಮ ಹಾಸಿಗೆಯಲ್ಲಿಲ್ಲ. ನಾನು ಇಲ್ಲಿ ಕೂತು ಬರೆಯುತ್ತಿದ್ದಾಗಲೇ ಚಪ್ಪಲಿ ಕೈಯಲ್ಲಿ ಹಿಡಿದು ಹೋಗಿದ್ದಾಳೆ. ಡ್ರೈವರಣ್ಣ ನೋಡಿದನಂತೆ. ಮೂರು ಗಂಟೆಗೆ ಹೆಡ್ ಆಫೀಸಿನವರು ಬರುತ್ತಾರಂತೆ, ಹಸಿರು ಗೆರೆ ಏರುವುದನ್ನು ಅವರಿಗೆ ತೋರಿಸುವುದಕ್ಕೆ ಅಂಟಿನ ಕೋಣೆಯ ಬಾಗಿಲು ಹಾಕಿ ಒಂದು ಗಂಟೆ ಕೂರಿಸುತ್ತಾರಂತೆ. ಫ್ಯಾನು ನಿಲ್ಲುವ ಐದು ನಿಮಿಷವನ್ನು ಒಂದಕ್ಕೆ ಇಳಿಸು ಅಂತ ಸಾಹೇಬರು ನಿನಗೆ ಆಗಲೇ ಹೇಳಿದ್ದಾರಂತೆ. ಇಳಿಸಬೇಡ. ಒಳಗೆ ತರಬಾರದು ಅಂತ ನಿನ್ನ ಫೋನನ್ನು ಅಲ್ಲಿಯ ಗೇಟಿನಲ್ಲೇ ಇಡಿಸಿರಬೇಕು, ನಾನು ಮಾಡಿದಷ್ಟೂ ಬಡಿದುಕೊಳ್ಳುತ್ತಲೇ ಇದೆ. ಕೊನೆಯ ಹಾಳೆ ಮೊದಲು ಓದಲು ಹೇಳು ಅಂತ ಡ್ರೈವರಣ್ಣನಿಗೆ ಹೇಳಿದ್ದೇನೆ. ನಾನು ಫ್ಯಾಕ್ಟರಿಗೆ ಓಡುತ್ತಿದ್ದೇನೆ. ಅಮ್ಮನ ರಜೆ ಬರೆಸಿರಲಿಲ್ಲ, ಅವಳ ಕಾರ್ಡಿಗೆ ಗೇಟು ತೆರೆದಿರುತ್ತದೆ, ಆದರೆ ರಜೆಯ ದಿನ ನನ್ನ ಕಾರ್ಡಿಗೆ ತೆರೆಯುವುದಿಲ್ಲ, ಅದನ್ನು ಮಾಡಿದವನೂ ನೀನೇ. ನಿನ್ನ ಪರದೆ ಆ ಕೋಣೆ ಖಾಲಿ ಅಂತ ತೋರಿಸುತ್ತದೆ. ಖಾಲಿ ಇಲ್ಲ ಕಣೋ. ಒಳಗೆ ಹನ್ನೊಂದು ಜನ ಇದ್ದಾರೆ. ಕಿಟಕಿಯ ಕಡೆಯಿಂದ ಮೂರನೇ ಕುರ್ಚಿ ಅಮ್ಮನದು.