ಕೆಡಿಸೋಕೆ ಬಿಟ್ಟ ಒಂದು ಮೊಳ

ವೀಣಾ,

ಕಣ್ಣು ತೋರಿಸೋಕೆ ಚಳ್ಳಕೆರೆಗೆ ಹೋಗ್ತಿದ್ದೀನಿ. ಏಳು ಗಂಟೆ ಬಸ್ಸು ಅಂತ ನಿನ್ನನ್ನ ಎಬ್ಬಿಸಲಿಲ್ಲ. ಸಂಜೆ ಬರ್ತೀನಿ.

ಸಾರು ಒಲೆ ಮೇಲೈತೆ, ಮುದ್ದೆ ನೀನೇ ತೊಳಸ್ಕೋ. ಹತ್ತಕ್ಕೆ ನಲ್ಲಿ ಬಿಡ್ತಾರೆ, ಎರಡು ಡ್ರಮ್ಮೂ ತುಂಬಿಸು. ಮಗ್ಗದ ಕೋಣೆ ಬಾಗಿಲು ಹಾಕಿರು, ಮೊನ್ನೆ ಬೆಕ್ಕು ರೇಷ್ಮೆ ಮೇಲೆ ಮಲಗಿತ್ತು.

ಆಮೇಲೆ ಮಗ್ಗಕ್ಕೆ ಕೂತ್ಕೋ. ಪಕ್ಕದಲ್ಲಿ ಕೂತು ಅಂಚಿನ ಲಾಳಿ ಕೊಡೋದಲ್ಲ, ನನ್ನ ಜಾಗದಲ್ಲಿ ಕೂತ್ಕೋ. ಹೋದ ತಿಂಗಳು ಸೀರೆ ಅಂಚಿನ ಗಿಣಿಗೆ ಕೊಕ್ಕು ಬರಲಿಲ್ಲ ಅಂತ ಎದ್ದೋಳು, ಇನ್ನೂ ಆ ಜಾಗದಲ್ಲಿ ಕೂತಿಲ್ಲ. ನೆಲ ಒರೆಸು ಅಂದ್ರೆ ಎರಡೆರಡು ಸಲ ಒರೆಸ್ತೀಯ. ನಾನೇನು ನಿನ್ನ ಬೈದಿದ್ನಾ? ಬೈದಿದ್ದೆ, ಹೌದು. ಸೀರೆ ಕೆಟ್ಟಿದ್ದಕ್ಕಲ್ಲ, ಎದ್ದು ಹೋಗಿದ್ದಕ್ಕೆ.

ಈ ಸಲ ಮಗ್ಗಕ್ಕೆ ಹಾಸಿನ ಉದ್ದೆಳೆ ಒಂದು ಮೊಳ ಹೆಚ್ಚಿಗೆ ಹಾಕ್ಸಿದ್ದೀನಿ. ನಿನ್ನ ಗಂಡನಿಗೆ ಹೇಳಿಲ್ಲ, ರೇಷ್ಮೆ ದಂಡ ಅಂತಾನೆ. ಆ ಮೊಳ ಮುಗಿಯೋ ಕಡೆ ಗುರುತಿಗೆ ಕೆಂಪು ದಾರ ಕಟ್ಟಿದ್ದೀನಿ. ಅಲ್ಲೀ ತನಕ ಅದು ಸೀರೆ ಅಲ್ಲ, ನೀನು ಕೆಡಿಸೋಕೆ ಅಂತಾನೇ ಬಿಟ್ಟಿರೋದು. ಎಳೆ ಕಿತ್ತೋದ್ರೆ ಗಂಟು ಹಾಕು. ಗಿಣಿ ಕಾಗೆ ಆದ್ರೂ ಬಿಚ್ಚಬೇಡ, ಮುಂದಕ್ಕೆ ನೇಯಿ. ದಾರದ ಹತ್ರ ನಿಲ್ಲಿಸು. ನಾಳೆ ಸೀರೇನೂ ನೀನೇ ಶುರು ಮಾಡಬೇಕು.

ಬಂದ ಮೇಲೆ ಮೊದಲು ಆ ಒಂದು ಮೊಳ ನೋಡ್ತೀನಿ. ಕಣ್ಣಿಗೆ ಔಷಧಿ ಬಿಟ್ಟಿರ್ತಾರೆ, ಕಾಣದಿದ್ರೆ ಮುಟ್ಟಿ ನೋಡ್ತೀನಿ. ಒಂದು ತಪ್ಪೂ ಕೈಗೆ ಸಿಗಲಿಲ್ಲ ಅಂದ್ರೆ ನೀನು ಬಿಚ್ಚಿ ನೇಯ್ದಿದ್ದೀಯ ಅಂತ ಗೊತ್ತಾಗುತ್ತೆ. ಆಗ ಬೈತೀನಿ.

ನಿಮ್ಮತ್ತೆ